ಗಾಳೆಪ್ಪನ ಪ್ಲೇಗು

ನಮ್ಮೂರಿನಲ್ಲಿ ಸುಳ್ಳು ಗಾಬರಿಗೆ ಒಂದು ಹೆಸರಿದೆ. ಕಾಲುವೆ ಒಡೆಯಿತೆಂದು ಯಾರಾದರೂ ಕೂಗಿಕೊಂಡು ಬಂದು, ಹೋಗಿ ನೋಡಿದರೆ ಅಲ್ಲಿ ಏನೂ ಆಗಿರದಿದ್ದರೆ, "ಬಿಡ್ರಿ, ಗಾಳೆಪ್ಪನ ಪ್ಲೇಗು" ಎನ್ನುತ್ತಾರೆ. ಹೋದ ವರ್ಷ ಜಪಾನಿನವರು ಬಾಂಬು ಹಾಕುತ್ತಾರೆಂದು ಹೆದರಿ ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ರೈಲು ತುಂಬಿ ಈ ಕಡೆ ಬಂದಾಗಲೂ, ಹೊಸಪೇಟೆ ಸ್ಟೇಷನ್ನಿನಲ್ಲಿ ನಿಂತಿದ್ದವನೊಬ್ಬ ಅದೇ ಮಾತು ಹೇಳಿ ನಕ್ಕ. ಗಾಳೆಪ್ಪ ಅಂದರೆ ಯಾರು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನ ಹೆಸರು ಹಿಡಿದು ನಗುವುದು ಯಾವ ಊರಿನ ರೀತಿ?

ಈ ಮಾತಿಗಾಗಿ ನಾನು ಇಬ್ಬರ ಕೊರಳಪಟ್ಟಿ ಹಿಡಿದಿದ್ದೇನೆ. "ಇಪ್ಪತ್ತು ವರ್ಷದ ಹಳೇ ಮಾತು, ನಿನಗ್ಯಾಕ ಬೇಕು?" ಎಂದು ಹೆಂಡತಿ ಬೈಯುತ್ತಾಳೆ. ಹಳೆಯದಾದ ಮಾತ್ರಕ್ಕೆ ಸುಳ್ಳು ನಿಜವಾಗುತ್ತದೆಯೆ? ಆ ಪ್ಲೇಗು ಗಾಳೆಪ್ಪನದಲ್ಲ. ಕೂಗಿ ಊರೆಬ್ಬಿಸಿದವನು ಸಾವುಕಾರ ಗಾದಿಲಿಂಗಪ್ಪ. ಅವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅವನಿಗೆ ಕಾಳುಕಡಿಯ ದೊಡ್ಡ ಅಂಗಡಿ ಇತ್ತು. ಗಾಳೆಪ್ಪನಿಗೆ ಇದ್ದದ್ದು ಒಂದು ಕುಡುಗೋಲು.

ಬಾಯಿಂದ ಹೇಳಹೋದರೆ ನನಗೆ ಸಿಟ್ಟು ಬಂದು ಮಾತು ದಾರಿ ತಪ್ಪುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಳೆಪ್ಪ ನನ್ನ ಸೋದರಮಾವ. ನನ್ನ ತಾಯಿ ಉಚ್ಚೆಂಗಮ್ಮನ ತಮ್ಮ. ಸೊಂಡೂರಿನ ಕಡೆಯ ಬಂಡ್ರಿಯಲ್ಲಿ ಹುಟ್ಟಿ ಬೆಳೆದವನು. ಅವ್ವನನ್ನು ಹೊಸಪೇಟೆಯ ಚಿತ್ತವಾಡ್ಗಿಗೆ ಕೊಟ್ಟ ಮೇಲೆ ಅಕ್ಕನ ಹಿಂದೆ ತಾನೂ ಬಂದು, ಬಸವಣ್ಣ ಕಾಲುವೆಯ ಹೂಳು ತೆಗೆಯುವ ಕೂಲಿಗೆ ಸೇರಿದ. ಭರಮಮ್ಮ ಎಂಬ ಹುಡುಗಿಯನ್ನು ಮದುವೆಯಾದ. ನಮ್ಮ ಓಣಿಯಲ್ಲೇ, ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮನೆ.

ಆ ಕಾಲದಲ್ಲಿ ಪ್ಲೇಗು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು. ಚಳಿಗಾಲದಲ್ಲಿ ಬರುತ್ತಿತ್ತು. ಮೊದಲು ಇಲಿ ಸಾಯುತ್ತಿದ್ದವು, ಆಮೇಲೆ ಮನುಷ್ಯರು. ಆದ್ದರಿಂದ ಇಲಿ ಬಿದ್ದರೆ ಊರು ಬಿಡಬೇಕು. ಇದು ಸರಕಾರ ಕಲಿಸಿದ ಪಾಠವಲ್ಲ, ಸತ್ತವರು ಕಲಿಸಿದ್ದು. ಯಾರ ಮನೆಯಲ್ಲಿ ಇಲಿ ಬಿದ್ದಿತೋ ಅವರು ಓಣಿಗೆ ಕೂಗಿ ಹೇಳಬೇಕು. ಹೇಳಿದ ಮೇಲೆ ಯಾರೂ ಯಾಕೆ ಏನು ಎಂದು ಕೇಳುವಂತಿಲ್ಲ. ಬಾಗಿಲಿಗೆ ಜಾಲಿಮುಳ್ಳು ಬಡಿದು, ಜೋಳದ ಚೀಲ ಹೊತ್ತು, ದನಕರು ಹೊಡೆದುಕೊಂಡು ಜಂಬುನಾಥನ ಗುಡ್ಡದ ಕೆಳಗೆ ಗುಡಿಸಲು ಹಾಕಿಕೊಳ್ಳಬೇಕು. ಇಲಿ ಬಿದ್ದದ್ದನ್ನು ಮುಚ್ಚಿಟ್ಟವನೆಂದರೆ ಕಳ್ಳನಿಗಿಂತ ಕಡೆ.

ಒಂದು ವರ್ಷ ಗಾಳೆಪ್ಪನ ಒಲೆಯ ಪಕ್ಕ ಒಂದು ಇಲಿ ಸತ್ತು ಬಿದ್ದಿತ್ತು. ಮನೆಯಲ್ಲಿ ಬೆಕ್ಕಿತ್ತು. ಬೆಕ್ಕಿನ ಕೆಲಸವೆಂದು ತಿಳಿದು, ಬಾಲ ಹಿಡಿದು ಒಯ್ದು ತಿಪ್ಪೆಗೆ ಎಸೆದು ಕೂಲಿಗೆ ಹೋದ. ಆ ವಾರವೇ ಭರಮಮ್ಮನಿಗೆ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಎದ್ದಿತು. ಗುಡಿಸಲಿಗೆ ಹೊತ್ತುಕೊಂಡು ಹೋದರು. ಅಲ್ಲಿಂದ ಅವಳು ತಿರುಗಿ ಬರಲಿಲ್ಲ. ಓಣಿಯಲ್ಲಿ ಇನ್ನೂ ಕೆಲವರು ಹೋದರು. ಮಾವ ಹೆಂಡತಿಯನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಜನ ಮಾತಾಡಿಯಾಗಿತ್ತು: ಗಾಳೆಪ್ಪ ಇಲಿ ಮುಚ್ಚಿಟ್ಟ. ಅವನು ಬೆಕ್ಕಿನ ಮಾತು ಹೇಳಿದ. ಯಾರು ಕೇಳುತ್ತಾರೆ?

ಆಮೇಲೆ ಅವನು ಓಣಿಯಲ್ಲಿ ಇರಲಿಲ್ಲ. ಊರ ಮೇಲಿನ ಬದಿಗೆ, ಕಾಲುವೆಯ ಆಚೆ ದಂಡೆಯಲ್ಲಿ ನೀರಾವರಿಯವರ ಬಂಗಲೆ ಇತ್ತು. ಅಲ್ಲಿ ಮಾಲಿಯಾಗಿ ಸೇರಿ, ಅಡುಗೆಮನೆಯ ಹಿಂದಿನ ಒಂದು ಕೋಣೆಯಲ್ಲಿ ಉಳಿದುಬಿಟ್ಟ.

ಬಂಗಲೆಯೆಂದರೆ ವರ್ಷದ ಬಹುಪಾಲು ಬೀಗ. ಇಂಜಿನಿಯರು ದೊರೆ ಕಾಲುವೆ ನೋಡಲು ಬಂದಾಗ ನಾಲ್ಕು ದಿನ ಬಾಗಿಲು ತೆರೆಯುತ್ತಿತ್ತು. ಅದರ ಮುಂದೆ ಗರಿಕೆ ಬೆಳೆಸಿ ಮಾಡಿದ ದೊಡ್ಡ ಹುಲ್ಲುಹಾಸು. ಸುತ್ತಲಿನ ಬೆಟ್ಟಗಳೆಲ್ಲ ಬೇಸಿಗೆಯಲ್ಲಿ ಕಾದ ಹೆಂಚಿನಂತಿದ್ದಾಗ ಅದೊಂದೇ ತುಂಡು ನೆಲ ಹಸಿರು. ಮಾವ ಅದಕ್ಕೆ ಕಾಲುವೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದ, ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನಿಂದ ಸಮನಾಗಿ ಕೊಯ್ಯುತ್ತಿದ್ದ, ಕಲ್ಲಿನ ಗುಂಡು ಉರುಳಿಸುತ್ತಿದ್ದ. ಕೂರುವವರು ಯಾರೂ ಇಲ್ಲದ ಹುಲ್ಲನ್ನು ವರ್ಷವಿಡೀ ಸಿಂಗರಿಸುವ ಕೆಲಸ. ನಾನು ಆಗ ಬಂಡಿ ಹೊಡೆಯುತ್ತಿದ್ದೆ. ಗೊಬ್ಬರ ಹಾಕಲು ಹೋದಾಗಲೆಲ್ಲ ಅವನನ್ನು ಕಂಡು ಬರುತ್ತಿದ್ದೆ. ಎಷ್ಟೋ ಸಲ ನನ್ನನ್ನು ಕಂಡು ಅವನು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಬಹಳ ದಿನ ತೆರೆಯದ ಬಾಗಿಲನ್ನು ತಳ್ಳಿದ ಹಾಗೆ.

ಅವನಿಗೆ ಜೊತೆ ಎಂದರೆ ಹೆಗ್ಗಣಗಳು. ನೀರು ಹತ್ತಿರ, ಮಣ್ಣು ಮೆತ್ತಗೆ, ಅಡುಗೆಮನೆ ಪಕ್ಕದಲ್ಲೇ. ಹೆಗ್ಗಣಕ್ಕೆ ಇನ್ನೇನು ಬೇಕು? ಬೆಳಿಗ್ಗೆ ಎದ್ದರೆ ಹುಲ್ಲಿನ ನಡುವೆ ಹೊಸ ಮಣ್ಣಿನ ಗುಡ್ಡೆ, ಅದರ ಪಕ್ಕದಲ್ಲೊಂದು ಬಿಲ. ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚುತ್ತಿದ್ದ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಜೀವ ಇದೆ ಎಂದು ಲೆಕ್ಕ. ಅದರ ಬಾಯಿಗೆ ಜಾಲಿಮುಳ್ಳು ಮತ್ತು ಗಾಜಿನ ಚೂರು ತುರುಕಿ ಜೇಡಿಮಣ್ಣು ಮೆತ್ತುತ್ತಿದ್ದ. ಮರುದಿನ ಒಂದು ಮೊಳ ಆಚೆ ಇನ್ನೊಂದು ಬಾಯಿ. ತೂತು ಮಡಿಕೆಯಲ್ಲಿ ಹುಲ್ಲು ಹಾಕಿ, ಒಣಮೆಣಸಿನಕಾಯಿ ಸುಟ್ಟು ಬಿಲಕ್ಕೆ ಹೊಗೆ ಊದಿದರೆ ಅವು ಬೇರೆ ಬಾಯಿಂದ ಹೊರಬಿದ್ದು ಹೋಗುತ್ತಿದ್ದವು. ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದವನು ಮಾವ.

"ನಿನಗ ಹೊಡೀಲಿಕ್ಕ ಮನಸಿಲ್ಲ ಮಾವ, ಅದಕ್ಕ ಸಾಯವಲ್ಲವು" ಎಂದು ನಾನು ಅಂದರೆ,

"ಹೌದಪಾ, ಇವೂ ಹೋದ್ರ ಇಲ್ಲಿ ಸಪ್ಪಳಾ ಮಾಡವರು ಯಾರದಾರ?" ಎನ್ನುತ್ತಿದ್ದ.

ಚೌತಿಯ ಮರುದಿನ ನಮ್ಮ ಕಡೆ ಇಲಿವಾರ. ಗಣಪನಿಗೆ ಇಟ್ಟ ಕಡುಬಿನಲ್ಲಿ ಅವನ ವಾಹನಕ್ಕೂ ಪಾಲು. ಮನೆಯ ಮೂಲೆಯಲ್ಲಿ ಒಂದಿಷ್ಟು ಇಡುತ್ತಾರೆ, ಅಂದು ಇಲಿಯನ್ನು ಬೈಯುವುದಿಲ್ಲ. ಅವ್ವ ಕಟ್ಟಿಕೊಟ್ಟ ಕಡುಬನ್ನು ನಾನು ಒಯ್ದರೆ ಮಾವ ತಾನು ಒಂದು ತಿಂದು, ಉಳಿದದ್ದನ್ನು ಮುರಿದು ಒಂದೊಂದು ಬಿಲದ ಬಾಯಿಗೂ ಇಟ್ಟು ಬರುತ್ತಿದ್ದ. ಮರುದಿನದಿಂದ ಮತ್ತೆ ಮುಳ್ಳು, ಮತ್ತೆ ಹೊಗೆ.

ಹೀಗೆ ನಡೆದಿದ್ದ ದಿನಗಳಲ್ಲಿ ವಿರುಪಮ್ಮ ಬಂದಳು.

ಅವಳು ಕಂಪ್ಲಿಯವಳು. ಗಂಡ ಸತ್ತು ಅಣ್ಣ ಜಡೆಪ್ಪನ ಮನೆಯಲ್ಲಿದ್ದಳು, ಮಕ್ಕಳಿರಲಿಲ್ಲ. ಜಡೆಪ್ಪ ಕಬ್ಬು ಬೆಳೆದು ಬೆಲ್ಲ ಮಾಡಿ ಗಾದಿಲಿಂಗಪ್ಪನ ಅಂಗಡಿಗೆ ತಂದು ಹಾಕುತ್ತಿದ್ದ. ಒಮ್ಮೆ ಅವನ ಬಂಡಿಯ ಅಚ್ಚು ಬಂಗಲೆಯ ಎದುರಿಗೇ ಮುರಿಯಿತು. ಅವನು ಬಡಿಗನನ್ನು ಹುಡುಕಿಕೊಂಡು ಊರೊಳಗೆ ಹೋದ. ಜೊತೆಗೆ ಬಂದಿದ್ದ ವಿರುಪಮ್ಮ ಬಂಗಲೆಯ ಬೇಲಿಯ ಹತ್ತಿರ ನೆರಳಿಗೆ ಕೂತಳು. ಗೊಬ್ಬರ ಇಳಿಸಲು ಬಂದಿದ್ದ ನಾನೂ ಅಲ್ಲೇ ಇದ್ದೆ. ಮಾವ ಹುಲ್ಲು ಕೊಯ್ಯುತ್ತಿದ್ದ. ಅವಳು ಬಹಳ ಹೊತ್ತು ನೋಡಿ ಕೇಳಿದಳು:

"ಇಷ್ಟ ಛಂದ ಹುಲ್ಲು ಬೆಳಸೀರಲ್ಲ, ಇದನ್ನ ಯಾವ ದನ ತಿಂತಾವ?"

"ಯಾವ ದನಾನೂ ತಿನ್ನಂಗಿಲ್ಲವಾ. ದೊರಿಗಳು ಇದರ ಮ್ಯಾಲ ಕುರ್ಚಿ ಹಾಕ್ಕೊಂಡು ಕುಂದ್ರತಾರ."

"ಕುಂತು?"

"ಕುಂತು ಚಾ ಕುಡೀತಾರ."

"ಅಷ್ಟಕ್ಕ ಇಷ್ಟು ನೀರು ಹೊರ್ತೀರೇನು!" ಎಂದು ಅವಳು ಸೆರಗು ಬಾಯಿಗೆ ಹಚ್ಚಿ ನಕ್ಕಳು. ಮಾವನೂ ನಕ್ಕ. ಅವನ ಹಲ್ಲು ನಾನು ಎಷ್ಟೋ ವರ್ಷದ ಮೇಲೆ ಕಂಡೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಷ್ಟಕ್ಕೇ ಬಿಡುವವಳಲ್ಲ. ಮುಂದಿನ ಸಲ ಜಡೆಪ್ಪ ಬೆಲ್ಲ ತಂದಾಗ ಊಟಕ್ಕೆ ಕರೆದಳು, ಮಾತು ತೆಗೆದಳು. ನಮ್ಮ ಮಂದಿಯಲ್ಲಿ ಗಂಡ ಸತ್ತವಳಿಗೆ ಉಡಿಕೆ ಉಂಟು. ಹಂದರವಿಲ್ಲ, ವಾಲಗವಿಲ್ಲ; ಹಿರಿಯರು ನಾಲ್ಕು ಜನ ಕೂತು, ಹೊಸ ಸೀರೆ ಉಡಿಸಿ, ಕೈಹಿಡಿಸಿ ಕಳಿಸುವುದು. ಜಡೆಪ್ಪ ಯೋಚನೆ ಮಾಡಿ ತಂಗಿಯನ್ನು ಕೇಳಿದ. ಅವಳು ಒಂದೇ ಮಾತು ಹೇಳಿ ಕಳಿಸಿದಳು: ಬಂಗಲೆಯ ಹುಲ್ಲಿನ ತುಂಬ ಬಿಲ ನೋಡಿದ್ದೇನೆ, ಹೆಗ್ಗಣ ಓಡಾಡುವ ಕೋಣೆಯಲ್ಲಿ ಮಲಗಲಾರೆ. ಹಿಂದೊಮ್ಮೆ ಮಲಗಿದ್ದಾಗ ಹೆಗ್ಗಣ ಅವಳ ಹಿಮ್ಮಡಿ ಕಡಿದು ತಿಂಗಳು ನರಳಿಸಿತ್ತಂತೆ. "ಅಷ್ಟ ತಾನ?" ಎಂದ ಮಾವ. ಸಂಕ್ರಾಂತಿ ಕಳೆದ ಮೇಲಿನ ಒಂದು ಸೋಮವಾರ ಗೊತ್ತಾಯಿತು.

ಬಂಗಲೆಯ ಮೇಲ್ವಿಚಾರಣೆಗಿದ್ದ ಓವರ್ಸೀರು ಎಷ್ಟು ಬೈದರೂ ಮಾಡದ ಕೆಲಸಕ್ಕೆ ಮಾವ ಈಗ ಸೊಂಟ ಕಟ್ಟಿದ. ಹೋದ ಸಲದ ಮೊಕ್ಕಾಮಿನಲ್ಲಿ ದೊರೆಯ ಕುರ್ಚಿಯ ಕಾಲು ಬಿಲದೊಳಗೆ ಇಳಿದು ಚಹಾ ಎಲ್ಲ ಅವರ ಷರಾಯಿಯ ಮೇಲೆ ಚೆಲ್ಲಿತ್ತು. ಆಗಲೂ ಮಾವ ಮುಳ್ಳು, ಹೊಗೆ ಬಿಟ್ಟು ಮುಂದೆ ಹೋಗಿರಲಿಲ್ಲ. ಈಗ ನನ್ನ ಬಂಡಿಯಲ್ಲಿ ಕೂತು ಗಾದಿಲಿಂಗಪ್ಪನ ಅಂಗಡಿಗೆ ಬಂದು ಪಾಷಾಣ ಕೇಳಿದ.

ಗಾದಿಲಿಂಗಪ್ಪ ಗದ್ದಿಗೆಯ ಮೇಲೆ ಕೂತಲ್ಲೇ ಹುಬ್ಬೇರಿಸಿದ. "ಯಾಕಲೇ ಗಾಳೆಪ್ಪ, ಪಾಷಾಣ? ಇನ್ನ ಕೈ ಹಿಡದಿಲ್ಲ, ಈಗಲೇ ಬ್ಯಾಸರ ಬಂತೇನು?"

"ಹೆಗ್ಗಣಕ್ಕರೀ ಸಾವ್ಕಾರ್ರೇ."

"ಹಂಗಾರ ಹೊಸಾಕಿ ಬರೂದ್ರೊಳಗ ಹಳೇ ಸಂಸಾರ ಹೊರಗ ಹಾಕ್ತಿ ಅನ್ನು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಾದಿಲಿಂಗಪ್ಪ ಬೀಗ ಹಾಕಿದ ಡಬ್ಬಿಯಿಂದ ತಾನೇ ಪುಡಿ ತೆಗೆದು, ಕಾಗದದಲ್ಲಿ ಎರಡು ಸಲ ಸುತ್ತಿ ಕೊಟ್ಟ. "ಕೈ ತೊಳಕೊಳ್ಳದ ಉಣಬ್ಯಾಡ ಮತ್ತ. ಜಡೆಪ್ಪನ ತಂಗಿನ್ನ ಎರಡನೇ ಸಲ ರಂಡಿ ಮಾಡಿ ಗೀಡೀಯ" ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಈ ಕಣ್ಣಿನಿಂದ ನೋಡಿದ್ದೇನೆ.

ಜೋಳದ ಹಿಟ್ಟು, ಬೆಲ್ಲ, ಒಂದಿಷ್ಟು ಎಣ್ಣೆ, ಅದರೊಳಗೆ ಪಾಷಾಣ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾವ ಉಂಡೆ ಮಾಡಿದ. ನಾಯಿ, ಹಕ್ಕಿ ಮುಟ್ಟಬಾರದೆಂದು ಕೋಲಿನಿಂದ ಬಿಲದ ಆಳಕ್ಕೆ ತಳ್ಳಿ, ಮೇಲೆ ಹಗುರಾಗಿ ಮಣ್ಣು ಮುಚ್ಚಿದ. ಮುಚ್ಚುವಾಗ ಏನೋ ಗೊಣಗುತ್ತಿದ್ದ. ಏನೆಂದು ಕೇಳಿದ್ದಕ್ಕೆ, "ಇಲಿವಾರದ ಕಡುಬು ಅಂತ ತಿಳದು ತಿಂತಾವು, ಪಾಪ" ಎಂದ.

ಬೆಳಿಗ್ಗೆ ಹುಲ್ಲಿನ ಮೇಲೆ ಬಿದ್ದವನ್ನೆಲ್ಲ ಆರಿಸಿ ಬೇವಿನ ಬುಡದಲ್ಲಿ ಗುಂಡಿ ತೋಡಿ ಹೂಳಿದ. ಆದರೆ ಪಾಷಾಣ ತಿಂದದ್ದಕ್ಕೆ ಹೊಟ್ಟೆಯಲ್ಲಿ ಬೆಂಕಿ. ಅದು ನೀರು ಹುಡುಕಿಕೊಂಡು ಹೋಗುತ್ತದೆ. ಬಂಗಲೆಯ ಬುಡಕ್ಕೇ ಕಾಲುವೆ. ಎಷ್ಟು ಹೆಗ್ಗಣಗಳು ದಂಡೆಯಿಂದ ನೀರಿಗೆ ಬಿದ್ದವೋ ಮಾವ ನೋಡಲಿಲ್ಲ. ಕಾಲುವೆ ಅವನ್ನು ಎತ್ತಿಕೊಂಡು ನೇರ ನಮ್ಮ ಚಿತ್ತವಾಡ್ಗಿಯ ಮೆಟ್ಟಿಲಿಗೆ ತಂದಿತು.

ಗಾದಿಲಿಂಗಪ್ಪ ದಿನಾ ಬೆಳಿಗ್ಗೆ ಆ ಮೆಟ್ಟಿಲಲ್ಲಿ ಸ್ನಾನ ಮಾಡಿ, ಎದೆಯ ಮಟ್ಟ ನೀರಲ್ಲಿ ನಿಂತು ಮಂತ್ರ ಹೇಳುವವನು. ಅಂದು ಕಣ್ಣು ಮುಚ್ಚಿ ನಿಂತಿದ್ದಾಗ ಹೊಟ್ಟೆಗೆ ಏನೋ ಮೆತ್ತಗೆ ತಾಗಿತು. ಕಣ್ಣು ಬಿಟ್ಟರೆ ಬೆಕ್ಕಿನ ಗಾತ್ರದ ಸತ್ತ ಹೆಗ್ಗಣ. ಅದರ ಹಿಂದೆ ಇನ್ನೊಂದು. ಅವನ ತಮ್ಮ ಪ್ಲೇಗಿನಲ್ಲೇ ಸತ್ತಿದ್ದ. ಒದ್ದೆ ಪಂಚೆಯಲ್ಲೇ ಬಜಾರದ ತುಂಬ ಓಡಿದ.

"ಇಲಿ ಬಿದ್ದಾವು! ಇಲಿ ಬಿದ್ದಾವು! ಊರು ಬಿಡ್ರೋ!"

ಬಟ್ಟೆ ಒಗೆಯಲು ಹೋಗಿದ್ದ ಹೆಂಗಸರು ಒಗೆದದ್ದನ್ನು ಅಲ್ಲೇ ಬಿಟ್ಟು ಓಡಿ ಬಂದರು. ಸಾವುಕಾರನಂಥವನು ಪಂಚೆಯ ಖಬರಿಲ್ಲದೆ ಓಡುವಾಗ ಯಾರು ನಿಂತು ವಿಚಾರಿಸುತ್ತಾರೆ? ನಮ್ಮ ಮನೆಯಲ್ಲೂ ಅವ್ವ ಒಲೆಗೆ ನೀರು ಸುರಿದಳು. ನಾನು ಬಂಡಿ ಕಟ್ಟುತ್ತಿದ್ದಾಗ ಮಾವ ಏದುಸಿರು ಬಿಡುತ್ತ ಓಡಿ ಬಂದ.

"ಅಕ್ಕಾ, ಪ್ಲೇಗಲ್ಲ! ನನ್ನ ಹೆಗ್ಗಣ ಅವು! ನಾ ಪಾಷಾಣ ಇಟ್ಟಿದ್ದು!" ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ. ಬಾಗಿಲಿಗೆ ಮುಳ್ಳು ಬಡಿಯುತ್ತಿದ್ದ ಮುದುಕನೊಬ್ಬ ತಿರುಗಿ ನೋಡಿದ.

"ಹ್ವಾದ ಸಲ ಬೆಕ್ಕು ಅಂದಿದ್ದಿ. ಈ ಸಲ ಪಾಷಾಣ ಅಂತಿ. ನಿನ್ನಿಂದ ಒಮ್ಮೆ ಸತ್ತದ್ದು ಸಾಲದೇನು?"

ನಾನು ಆ ಮುದುಕನ ಮೇಲೆ ಏರಿಹೋದೆ. "ಪಾಷಾಣ ಕೊಳ್ಳುವಾಗ ನಾನೂ ಇದ್ದೆ" ಎಂದೆ. "ಮಾವನ ಪರ ಅಳಿಯ ಹೇಳದ ಇನ್ಯಾರು ಹೇಳ್ತಾರ?" ಎಂದು ಇನ್ನೊಬ್ಬ ಅಂದ. ಅಷ್ಟರಲ್ಲಿ ಗಾದಿಲಿಂಗಪ್ಪನ ಕಮಾನು ಬಂಡಿ ಓಣಿಯ ತಿರುವಿಗೆ ಬಂತು. ಹೆಂಡತಿ ಮಕ್ಕಳ ನಡುವೆ ಅವನು ಕಬ್ಬಿಣದ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದ. ಮಾವ ಹೋಗಿ ನೊಗ ಹಿಡಿದುಕೊಂಡ.

"ಸಾವ್ಕಾರ್ರೇ, ನೀವ ಕೊಟ್ಟ ಪಾಷಾಣ ಅಲ್ಲೇನ್ರಿ? ಒಂದು ಮಾತು ಹೇಳ್ರಿ ಇವರಿಗೆ. ನೀವು ಹೇಳಿದ್ರ ನಂಬತಾರ."

"ಇದು ಮಾತಾಡೋ ಹೊತ್ತೇನಲೇ? ದಾರಿ ಬಿಡು!"

ಬಂಡಿ ಹೋಯಿತು. ಬಿಸಿಲೇರುವಷ್ಟರಲ್ಲಿ ಚಿತ್ತವಾಡ್ಗಿ ಖಾಲಿ. ಸಂಜೆಗೆ ಉಳಿದ ಓಣಿಗಳೂ ಖಾಲಿ. ಅವ್ವ ತಮ್ಮನನ್ನು ಕೈಹಿಡಿದು ಕರೆದಳು. ಅವನು ಬರಲಿಲ್ಲ. "ಬಂದ್ರ ನಾನೂ ಪ್ಲೇಗು ಅಂದಂಗ ಆಗ್ತೈತಿ" ಎಂದ.

ಆ ದಿನಗಳಲ್ಲಿ ಅಷ್ಟು ದೊಡ್ಡ ಊರಿನಲ್ಲಿ ಅವನೊಬ್ಬನೇ ಇದ್ದ. ಹಗಲು ಓಣಿ ಓಣಿ ತಿರುಗಿ, ಜನ ಮರೆತು ಕಟ್ಟಿಹೋದ ಕರುಗಳ ಹಗ್ಗ ಬಿಚ್ಚಿದನಂತೆ. ಮನೆಮನೆಯ ಮುಂದೆ ಒಣಗುತ್ತಿದ್ದ ತುಳಸಿಗೆ ನೀರು ಹಾಕಿದನಂತೆ. ನಾಯಿಗಳು ಅವನ ಹಿಂದೆಯೇ ಬರುತ್ತಿದ್ದವಂತೆ. ಬಂಗಲೆಗೆ ತಿರುಗಿ ಬಂದರೆ ಹುಲ್ಲಿನ ಮೇಲೆ ಒಂದು ಮಣ್ಣಿನ ಗುಡ್ಡೆಯೂ ಇಲ್ಲ, ಗೋಡೆಯಲ್ಲಿ ಕೆರೆಯುವ ಸಪ್ಪಳವೂ ಇಲ್ಲ. "ನನ್ನ ಕಿವಿನ ಕೆಟ್ಟಾವೇನೋ ಅನ್ಕೊಂಡು ಕೊಡ ಬಡದು ನೋಡಿದ್ನೆಪಾ" ಎಂದು ಆಮೇಲೆ ನನಗೆ ಹೇಳಿದ.

ಗೊತ್ತಾಗಿದ್ದ ಸೋಮವಾರ ಬಂತು. ಕಂಪ್ಲಿಗೆ ಸುದ್ದಿ ಮುಟ್ಟಿಸಲು ನಮಗೆ ಆಗಿರಲಿಲ್ಲ. ಗುಡಿಸಲಿನವರನ್ನು ಯಾವ ಊರೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಅವ್ವನ ಕಣ್ಣೀರು ನೋಡಲಾರದೆ ನಾನು ಗುಡಿಸಲಿನಿಂದ ತಪ್ಪಿಸಿಕೊಂಡು ಬಂಗಲೆಗೆ ಬಂದೆ. ಮಾವ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಕಾಲುವೆಯ ಸೇತುವೆಯ ಈ ತುದಿಯಲ್ಲಿ ನಿಂತಿದ್ದ. ಕೋಣೆಗೆ ಸುಣ್ಣ ಬಳಿದಿದ್ದ. ಹುಲ್ಲು ಹಾಸಿದ ಕಂಬಳಿಯಂತೆ ಸಮನಾಗಿತ್ತು.

ಮಧ್ಯಾಹ್ನ ಜಡೆಪ್ಪನ ಬಂಡಿ ಬಂತು. ಸೇತುವೆಯ ಆ ತುದಿಯಲ್ಲಿ ನಿಂತಿತು. ಕಮಲಾಪುರದ ಹತ್ತಿರವೇ ಅವರಿಗೆ ಯಾರೋ ಹೇಳಿದ್ದರು. ಆದರೂ ಜಡೆಪ್ಪ ಕಣ್ಣಾರೆ ನೋಡೋಣವೆಂದು ಬಂದಿದ್ದ. ವಿರುಪಮ್ಮ ಬಂಡಿಯ ಒಳಗಿದ್ದಳು. ಹಸಿರು ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

"ಗಾಳೆಪ್ಪ, ಅಲ್ಲೇ ನಿಂದ್ರು. ಸೇತುವಿ ದಾಟಬ್ಯಾಡ" ಎಂದ ಜಡೆಪ್ಪ.

"ಪ್ಲೇಗಿಲ್ಲ ಅಣ್ಣಾ. ಹೆಗ್ಗಣಕ್ಕ ನಾನ ಪಾಷಾಣ ಇಟ್ಟೆ. ಆಕಿ ಹೇಳಿದ್ದಕ್ಕ ಇಟ್ಟೆ. ಒಂದೂ ಉಳದಿಲ್ಲ, ಬಂದು ನೋಡ್ರಿ."

"ನೀ ಹ್ವಾದ ಸಲ ಬೆಕ್ಕು ಅಂದಿದ್ದೆಂತಲ್ಲಪಾ. ನಿನ್ನ ಹೇಣ್ತಿ ಎಲ್ಲಿ ಅದಾಳ ಈಗ?"

ನಾನು ಕೂಗಿದೆ, "ಗಾದಿಲಿಂಗಪ್ಪನ ಅಂಗಡಿ ಪಾಷಾಣ! ಅವನ್ನ ಕೇಳ್ರಿ!"

"ಸಾವ್ಕಾರ್ರು ಬಂದು ನನ್ನ ಮುಂದ ಹೌದು ಅನ್ಲಿ. ಅವತ್ತ ನನ್ನ ತಂಗಿನ್ನ ಕಳಸ್ತೀನಿ. ಅವರ ಮಾತಿನ ಮ್ಯಾಲ ನಾ ಎಷ್ಟೋ ವರ್ಷ ಬೆಲ್ಲ ಹಾಕೀನಿ. ಆಕಿ ಜೀವಾನೂ 'ಗಾಳೆಪ್ಪ ಅಂದ' ಅಂತ ನಾ ಹೆಂಗ ಹಾಕ್ಲಿ?"

ಬಂಡಿ ತಿರುಗಿತು. ತಿರುಗುವಾಗ ವಿರುಪಮ್ಮ ಹಿಂದಿನಿಂದ ಬಗ್ಗಿ ನೋಡಿದಳು. ಮಾವನನ್ನಲ್ಲ, ಅವನ ಹಿಂದಿನ ಹುಲ್ಲನ್ನು. ಒಂದೂ ಗುಡ್ಡೆ ಇಲ್ಲದ್ದನ್ನು ಅವಳು ನೋಡಿದಳೆಂದು ನಾನು ಆಣೆ ಮಾಡಿ ಹೇಳಬಲ್ಲೆ.

ಕೆಲವು ವಾರದ ಮೇಲೆ ಬಳ್ಳಾರಿಯಿಂದ ಡಾಕ್ಟರು ಬಂದು ಗುಡಿಸಲು ಗುಡಿಸಲು ನೋಡಿದರು. ಒಬ್ಬರಿಗೂ ಜ್ವರವಿಲ್ಲ, ಗಡ್ಡೆಯಿಲ್ಲ. ಯಾಕೆ ಬಂದಿರಿ ಎಂದು ಕೇಳಿದರು. ಜನ ಗಾದಿಲಿಂಗಪ್ಪನ ಮುಖ ನೋಡಿದರು. ಆಗ ಅವನು ಹಣೆ ಬಡಿದುಕೊಂಡು, "ಅಯ್ಯ, ಹೌದಲ್ಲೋ! ಗಾಳೆಪ್ಪ ನನ್ನ ಕಡಿಂದನ ಪಾಷಾಣ ಒಯ್ದಿದ್ದ! ಇದು ಗಾಳೆಪ್ಪನ ಪ್ಲೇಗು!" ಎಂದ. ಮೊದಲು ನಕ್ಕವನೂ ಅವನೇ. ಚಳಿಯಲ್ಲಿ ನಡುಗಿ, ಹೊಲದ ಕಾಳು ಹಾಳುಮಾಡಿಕೊಂಡ ಜನ ಸಾವುಕಾರನನ್ನು ಬೈಯಲಾರದೆ ಅವನ ಜೊತೆ ನಕ್ಕರು. ಆ ಹೆಸರು ಅಂದು ಹುಟ್ಟಿದ್ದು.

ನಾನು ಅವನ ಗದ್ದಿಗೆಯ ಮುಂದೆ ನಿಂತು ಜಗಳ ತೆಗೆದೆ. ಮಾವ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದು, ತಾನೇ ಮೆಲ್ಲಗೆ ಹೇಳಿದ:

"ಜನ ನಗಲ್ರಿ ಸಾವ್ಕಾರ್ರೇ, ಏನಿಲ್ಲ. ನೀವು ಒಮ್ಮೆ ಕಂಪ್ಲಿಗೆ ಹೋಗಿ ಜಡೆಪ್ಪಗ ಹೌದು ಅಂದು ಬರ್ರಿ. ಅಷ್ಟ ಸಾಕು."

ಗಾದಿಲಿಂಗಪ್ಪನಿಗೂ ಮನಸ್ಸು ಕರಗಿತೆಂದು ಕಾಣುತ್ತದೆ. "ನನಗ ಆ ಹೊತ್ತಿನ್ಯಾಗ ಖರೇವಂದ್ರೂ ನೆನಪು ಹಾರಿತ್ತಪಾ. ಗುಡಿಸಲಿನ್ಯಾಗ ನೆನಪಾತು, ಆದ್ರ ಹೆಂಗ ಹೇಳ್ಲಿ? ಹೇಳಿದ್ರ ಜನ ಬಡೀತಿದ್ರು. ಹೋಗ್ತೀನಿ, ನಾನ ಹೋಗ್ತೀನಿ. ಇದು ನನ್ನ ತಲಿಮ್ಯಾಲಿನ ಸಾಲ ಅಂತ ತಿಳಕೋ" ಎಂದ. ಈ ಮಾತು ಅವನದೇ.

ಮೊದಲು ಬೆಲ್ಲದ ಸುಗ್ಗಿ ಎಂದ. ಆಮೇಲೆ ಮಗಳ ಮದುವೆ. ಆಮೇಲೆ ಬಿಸಿಲು, ಮೊಣಕಾಲು ನೋವು. ಒಂದು ಚೀಟಿಯಾದರೂ ಬರೆದು ಕೊಡಿ ಎಂದರೆ, "ಇಂಥಾ ಮಾತು ಚೀಟಿನ್ಯಾಗ ಹೇಳೂದಲ್ಲ, ನಾನ ಹೋಗಬೇಕು" ಎಂದ. ಕಂಪ್ಲಿ ಏನು ಕಾಶಿಯೆ? ಎತ್ತಿನ ಬಂಡಿಗೆ ಒಂದು ಹಗಲಿನ ದಾರಿ. ಜಡೆಪ್ಪನಾದರೂ ಬಂದಾನೆಂದರೆ, ಅವನು ಅಂದಿನಿಂದ ಬೆಲ್ಲವನ್ನು ಬಳ್ಳಾರಿಗೆ ಹೊಡೆಯತೊಡಗಿದ್ದ.

ಕಡೆಗೆ ನಾನೇ ಹೋದೆ. ಜಡೆಪ್ಪನ ಕಟ್ಟೆಯ ಮೇಲೆ ಕೂತು ಸಮಾಧಾನದಿಂದಲೇ ಶುರು ಮಾಡಿದೆ. ಕಡೆಗೆ ಕಿತ್ತಾಡಿ ಎದ್ದೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಅವನು ನನ್ನ ಮಾವನನ್ನು ಸುಳ್ಳ ಎಂದ. ಎತ್ತು ಹೂಡುತ್ತಿದ್ದಾಗ ವಿರುಪಮ್ಮ ಹಿತ್ತಲ ಬಾಗಿಲಿಂದ ಒಂದು ಚೊಂಬು ನೀರು ತಂದು ಕೊಟ್ಟಳು.

"ಹೆಗ್ಗಣ ಮತ್ತ ಬಂದಾವೇನು?" ಎಂದು ಕೇಳಿದಳು.

"ಒಂದೂ ಇಲ್ಲಬೇ."

"ನಾ ನಂಬೀನಿ ಅಂತ ಅವರಿಗೆ ಹೇಳು. ನಾ ನಂಬಿದ್ರ ಏನಾತು, ನಮ್ಮಣ್ಣ ನಂಬಬೇಕಲ್ಲ. ಆ ಸಾವ್ಕಾರ್ರು ಯಾವಾಗ ಬರ್ತಾರ?"

ಬರ್ತಾರೆ ಎಂದೆ. ಮತ್ತೇನು ಹೇಳಲಿ?

ಬಂದು ಮಾವನಿಗೆ ತಿಳಿಸಿದೆ. ಅವನು ಕೇಳಿ, ಎದ್ದು ಹೋಗಿ ಹುಲ್ಲಿಗೆ ನೀರು ಹಾಕಿದ. ಆ ಮಳೆಗಾಲವೆಲ್ಲ, ಹೊಸ ಹೆಗ್ಗಣ ಎಲ್ಲಿಂದಲೋ ಬಂದು ಒಂದು ಬಿಲ ಮಾಡಿದರೂ ಸಾಕು, ಅಂದೇ ಅಗೆದು, ಮುಳ್ಳು ತುಂಬಿ ಸಮ ಮಾಡುತ್ತಿದ್ದ. ಪಾಷಾಣ ಮಾತ್ರ ಮತ್ತೆ ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಕೋಣೆಗೆ ಸುಣ್ಣ. ಎರಡನೆಯ ದೀಪಾವಳಿಯ ಹೊತ್ತಿಗೆ ಸುದ್ದಿ ಬಂತು: ಜಡೆಪ್ಪ ತಂಗಿಯನ್ನು ಹೊಳೆಯಾಚೆ ಗಂಗಾವತಿಯ ಒಬ್ಬನಿಗೆ ಉಡಿಕೆ ಮಾಡಿ ಕೊಟ್ಟ.

ಅಂದಿನಿಂದ ಮಾವ ಬಿಲ ಮುಚ್ಚುವುದನ್ನು ಬಿಟ್ಟ. ನಾನು ನೋಡುತ್ತಿದ್ದಂತೆಯೇ ಮೊದಲು ಒಂದು ಗುಡ್ಡೆ, ಆಮೇಲೆ ಹತ್ತಾರು. ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಇಲಿವಾರದ ದಿನ ನಾನು ಒಯ್ದ ಕಡುಬನ್ನು ಅವನು ತಾನು ಒಂದೂ ತಿನ್ನದೆ ಎಲ್ಲವನ್ನೂ ಬಿಲಗಳ ಬಾಯಿಗೆ ಹಂಚಿ ಬಂದ. ಗೋಡೆಗೆ ಕಿವಿ ಇಟ್ಟು, "ಕೇಳ್ತೈತೇನು? ಬಂದಾವ" ಎಂದ. ಮುಂದಿನ ಮೊಕ್ಕಾಮಿಗೆ ದೊರೆ ಬರುವ ಮುನ್ನವೇ ಓವರ್ಸೀರು ಅವನನ್ನು ಕೆಲಸದಿಂದ ತೆಗೆದ.

ಆಮೇಲೆ ನಮ್ಮ ಮನೆಯಲ್ಲೇ ಇದ್ದ. ಅವ್ವ ಸತ್ತ ಮೇಲೂ ಇದ್ದ. ಮನೆಯಲ್ಲಿ ಮಕ್ಕಳು ಮರಿ ಇದ್ದರೂ ಅವನು ಹಿತ್ತಲ ಕಟ್ಟೆಯ ಮೇಲೆ ಒಬ್ಬನೇ ಕೂರುತ್ತಿದ್ದ. ಬಜಾರಕ್ಕೆ ಹೋಗುತ್ತಿರಲಿಲ್ಲ, ಹೋದರೆ ಆ ಹೆಸರು ಕಿವಿಗೆ ಬೀಳುತ್ತಿತ್ತು. ನಾನು ಗಾದಿಲಿಂಗಪ್ಪನನ್ನು ಕಂಡಾಗಲೆಲ್ಲ, ಸಂತೆಯಿರಲಿ ಗುಡಿಯಿರಲಿ, "ಸಾವ್ಕಾರ್ರೇ, ಕಂಪ್ಲಿಗೆ ಯಾವಾಗ?" ಎಂದು ಕೇಳುತ್ತಿದ್ದೆ. ಅವನು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದ. ಮಾವನಿಗೆ ಇದು ಗೊತ್ತಾಗಿ, "ಬಿಡೋ ಪಂಪಣ್ಣ, ಆಕಿ ನಂಬ್ಯಾಳ" ಎಂದ. ಅದೊಂದೇ ಸಲ ಅವನು ಅವಳ ಮಾತು ಎತ್ತಿದ್ದು.

ಎರಡು ವರ್ಷದ ಹಿಂದೆ, ಮಳೆ ಹಿಡಿದ ಹೊತ್ತಿನಲ್ಲಿ ಮಾವ ತೀರಿಕೊಂಡ. ಮಣ್ಣಿಗೆ ಬಂದವರು ಕೆಲವೇ ಜನ. ಗಾದಿಲಿಂಗಪ್ಪ ಬಂದಿದ್ದ, ಕೋಲೂರಿಕೊಂಡು, ಕೆಸರಲ್ಲಿ. ಒಂದು ಹಿಡಿ ಮಣ್ಣು ಹಾಕಿ, "ಪಾಪ, ಭಾಳ ಒಳ್ಳೆ ಮನಷ್ಯ" ಎಂದ. ನಾನು ಗುದ್ದಲಿ ಕೆಳಗಿಟ್ಟು ಕೇಳಿದೆ, ಎಲ್ಲರ ಎದುರಿಗೆ:

"ಸಾವ್ಕಾರ್ರೇ, ಕಂಪ್ಲಿಗೆ ಯಾವಾಗ?"

"ಲೇ, ಕುಣಿ ಮುಂದ ನಿಂತು ಅದನ್ನ ತಗೀತಿಯೇನು? ಈಗ ಹೇಳಿದ್ರ ಯಾರಿಗೆ ಏನಾಗಬೇಕು?"

"ಜಡೆಪ್ಪ ಇನ್ನ ಅದಾನ್ರಿ. ಹೊಳಿಯಾಚಿ ವಿರುಪಮ್ಮನೂ ಅದಾಳ. ಗಾಳೆಪ್ಪ ಸುಳ್ಳ ಹೇಳಿರಲಿಲ್ಲ ಅಂತ ಹೇಳಿ ಬರ್ರಿ. ಬಂಡಿ ನಂದು, ಎತ್ತು ನಂದು. ನೀವು ಏರಿ ಕುಂದ್ರಿ, ಸಾಕು."

ಅವನು ಕೈಗೆ ಹತ್ತಿದ ಒದ್ದೆ ಮಣ್ಣನ್ನು ಪಂಚೆಗೆ ಒರೆಸಿಕೊಂಡ. "ಮಳಿಗಾಲ ಮುಗೀಲಿ" ಎಂದ.

ಆ ಮಳೆಗಾಲ ಮುಗಿದು ಇನ್ನೊಂದೂ ಮುಗಿಯಿತು. ಅವನು ಈಗಲೂ ಅಂಗಡಿಯ ಗದ್ದಿಗೆಯ ಮೇಲೆ ಕೂರುತ್ತಾನೆ. ನನ್ನ ಬಂಡಿ ಅವನ ಅಂಗಡಿಯ ಮುಂದಿನಿಂದಲೇ ಕಂಪ್ಲಿಯ ದಾರಿ ಹಿಡಿಯುತ್ತದೆ. ಪ್ರತಿಸಲವೂ ನಾನು ಎತ್ತಿನ ಹಗ್ಗ ಬಿಗಿಹಿಡಿದು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅವನು ತಲೆ ಎತ್ತುವುದಿಲ್ಲ.